ಪಾದಪ್ರಕ್ಷಾಲನದ ನೆಪದಲ್ಲಿ: ವ್ರತಿಕರ ಪಾದವ್ಯಾಧಿಗಳು ಮತ್ತು ಉಪಚಾರ

ಮುನಿಗಳಿಗೆ ಆಹಾರದಾನ ಮಾಡುವ ಶ್ರಾವಕನ ನವಧಾ ಭಕ್ತಿಯಲ್ಲಿ ಪಾದಪ್ರಕ್ಷಾಲನವು ಮೂರನೆಯದು. ನಾವು ಮಹಾರಾಜರ ಪಾದಗಳನ್ನು ತೊಳೆದು ಪಾದೋದಕವನ್ನು ಶಿರಸಾ ಧರಿಸುತ್ತೇವೆ. ಆದರೆ ಆ ಅಂಗಾಲುಗಳನ್ನು ಕಣ್ಣಿಟ್ಟು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ? ಹಿಮ್ಮಡಿ ಸೀಳಿ ರಕ್ತ ಜಿನುಗುತ್ತಿದ್ದರೂ, ಜಾಲಿಮುಳ್ಳಿನ ಮೊನೆ ಒಳಗೇ ಮುರಿದು ಉಳಿದಿದ್ದರೂ ಅವರು ಬಾಯಿಬಿಟ್ಟು ಹೇಳುವವರಲ್ಲ. ನೋಡಿ ತಿಳಿಯಬೇಕಾದವನು ಗೃಹಸ್ಥನೇ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಎಣಿಸಿದ 22 ಪರೀಷಹಗಳಲ್ಲಿ ಚರ್ಯಾ ಮತ್ತು ತೃಣಸ್ಪರ್ಶ ಎಂಬ ಎರಡು ಬಹುಮಟ್ಟಿಗೆ ಪಾದಗಳ ಮೇಲೆಯೇ ಬಂದೆರಗುವಂಥವು. ನಮ್ಮ ಸೀಮೆಗೆ ಇದು ದೂರದ ಮಾತಲ್ಲ. ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರ ಮಹಾರಾಜರು (1872–1955) ದಕ್ಷಿಣದಿಂದ ಸಮ್ಮೇದ ಶಿಖರಜಿಯವರೆಗೆ ಬರಿಗಾಲಿನಲ್ಲಿ ವಿಹರಿಸಿದರು. ಸದಲಗಾದಲ್ಲಿ ಬೆಳೆದು 2024ರಲ್ಲಿ ಡೊಂಗರಗಢದಲ್ಲಿ ಸಮಾಧಿಸ್ಥರಾದ ಆಚಾರ್ಯ ವಿದ್ಯಾಸಾಗರರೂ ನಡೆದೇ ಉತ್ತರಾಪಥವನ್ನು ಕ್ರಮಿಸಿದರು. ಪರೀಷಹವನ್ನು ಸಹಿಸುವುದು ಮುನಿಧರ್ಮವೆಂಬುದು ನಿಜ. ಅದು ಗೃಹಸ್ಥನು ಸುಮ್ಮನೆ ಕುಳಿತಿರಲು ಅಪ್ಪಣೆಯಲ್ಲ. ವೈಯಾವೃತ್ಯವನ್ನು ಅಂತರಂಗ ತಪಗಳಲ್ಲಿ ಸೇರಿಸಿರುವುದು ಸುಮ್ಮನೆ ಅಲ್ಲ.

ಮೊದಲು ಹಿಮ್ಮಡಿಯ ಒಡಕು. ಒಣಗಿ ದಪ್ಪಗಾದ ಚರ್ಮವು ಮೈಭಾರಕ್ಕೆ ಹಿಗ್ಗಲಾರದೆ ಸೀಳುತ್ತದೆ. ಸೋಸಿದ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ಪಾದವಿಟ್ಟು, ಒರಟು ಕಲ್ಲಿನಿಂದ ಮೆಲ್ಲಗೆ ಉಜ್ಜಿ, ಒರೆಸಿ, ರಾತ್ರಿ ಕೊಬ್ಬರಿಎಣ್ಣೆಯನ್ನಾಗಲಿ ಪೆಟ್ರೋಲಿಯಂ ಜೆಲ್ಲಿಯನ್ನಾಗಲಿ ಹಚ್ಚಿ ಹತ್ತಿಯ ಕಾಲುಚೀಲ ಧರಿಸಬೇಕು. ಹಲವು ಮುಲಾಮುಗಳಲ್ಲಿ ಜೇನುಮೇಣ ಅಥವಾ ಕುರಿಯ ಉಣ್ಣೆಯ ಕೊಬ್ಬು ಇರುತ್ತದೆ; ವ್ರತಿಕರು ಡಬ್ಬಿಯ ಮೇಲಿನ ಬರಹವನ್ನು ಓದಿಯೇ ಕೊಳ್ಳುವುದು ಲೇಸು. ಪೆಟ್ರೋಲಿಯಂ ಜೆಲ್ಲಿ ಖನಿಜತೈಲದಿಂದ ಆದದ್ದು, ಸಂದೇಹವಿಲ್ಲ. ಬ್ಲೇಡಿನಿಂದ ಕೊರೆಯುವ ಚಟವನ್ನು ಮಾತ್ರ ಬಿಡಬೇಕು. ಆಣಿಗೂ ಇದೇ ಮಾತು.

ಚಾತುರ್ಮಾಸದ ಮಳೆಯಲ್ಲಿ ಬೆರಳ ಸಂದುಗಳು ಬೆಳ್ಳಗೆ ಮೆತ್ತಗಾಗಿ ತುರಿಸುವುದು ಶಿಲೀಂಧ್ರದ ಬಾಧೆ. ಕಬ್ಬಿಗೆ ನೀರು ಹಾಯಿಸುವ ನಮ್ಮ ರೈತರಿಗೆ ಇದು ವರ್ಷವಿಡೀ ಉಂಟು. ತೊಳೆಯುವುದಕ್ಕಿಂತ ಸಂದುಗಳನ್ನು ಒಣಬಟ್ಟೆಯಿಂದ ಒರೆಸುವುದೇ ಇಲ್ಲಿ ಮುಖ್ಯ. ಅಷ್ಟಕ್ಕೂ ಬಗ್ಗದಿದ್ದರೆ ಶಿಲೀಂಧ್ರನಾಶಕ ಮುಲಾಮು. ಕಟಾವಾದ ಹೊಲದ ಕೂಳೆ ಅಂಗಾಲಿಗೆ ಚುಚ್ಚಿದರೆ ತೊಳೆದು, ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ವೈದ್ಯರಲ್ಲಿ ಅಂದೇ ಕೇಳಬೇಕು.

ವಿಹಾರದಲ್ಲಿ ಸಂಘದೊಡನೆ ನಾಲ್ಕಾರು ದಿನ ನಡೆದು ಬಂದ ಶ್ರಾವಕರು ಬಹುವಾಗಿ ಹೇಳುವುದು ಹಿಮ್ಮಡಿಯ ನೋವು. ಬೆಳಿಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗೆ ಮೊಳೆ ಚುಚ್ಚಿದಂತಾಗಿ, ನಡೆದಂತೆ ತಗ್ಗುವುದು ಇದರ ಗುರುತು. ಹಿಮ್ಮಡಿಯಿಂದ ಬೆರಳ ಬುಡದವರೆಗೆ ಬಿಗಿದ ತಂತುಪಟ್ಟಿ ದಣಿದಿರುತ್ತದೆ. ಹಾಸಿಗೆಯಲ್ಲಿಯೇ ಕುಳಿತು ಬೆರಳುಗಳನ್ನು ಕೈಯಿಂದ ಮೊಣಕಾಲಿನತ್ತ ಎಳೆದು ಹತ್ತು ಎಣಿಸುವವರೆಗೆ ಹಿಡಿಯುವುದು, ಹೀಗೆ ಹತ್ತು ಸಲ; ಗೋಡೆಗೆ ಕೈಯೂರಿ ಮೀನಖಂಡವನ್ನು ಹಿಗ್ಗಿಸುವುದು; ಮನೆಯ ಗಟ್ಟಿ ನೆಲದ ಮೇಲೆ ಮೆತ್ತನೆಯ ಚಪ್ಪಲಿ ಮೆಟ್ಟುವುದು. ಗುಣವಾಗಲು ತಿಂಗಳುಗಳೇ ಹಿಡಿಯುತ್ತವೆ, ಆದರೆ ಬಹುತೇಕರಿಗೆ ಇಷ್ಟರಿಂದಲೇ ಗುಣವಾಗುತ್ತದೆ.

ಹರಡು ಉಳುಕಿದರೆ ನಮ್ಮ ಕಡೆ ಒಡನೆಯೇ ಎಣ್ಣೆ ಹಚ್ಚಿ ತಿಕ್ಕಿಸುವವರಲ್ಲಿಗೆ ಓಡುವ ರೂಢಿ. ಮೊದಲ ಎರಡು ದಿನ ತಿಕ್ಕುವುದು ಬೇಡ. ವಿಶ್ರಾಂತಿ, ತಣ್ಣೀರ ಬಟ್ಟೆ, ಹದವಾದ ಪಟ್ಟಿ, ಕಾಲನ್ನು ದಿಂಬಿನ ಮೇಲೆ ಎತ್ತಿಡುವುದು, ಇಷ್ಟು ಸಾಕು. ನಾಲ್ಕು ಹೆಜ್ಜೆ ನಡೆಯಲಾಗದಿದ್ದರೆ, ಇಲ್ಲವೆ ಹರಡಿನ ಎಲುಬನ್ನೇ ಒತ್ತಿದಾಗ ನೋವಾದರೆ ಎಕ್ಸ್‌ರೇ ತೆಗೆಸಬೇಕು. ನಾಲ್ಕು ಮೊಳ ನೆಲ ನೋಡಿ ನಡೆಯುವ ಈರ್ಯಾಸಮಿತಿ ಜೀವದಯೆಗಾಗಿ ವಿಹಿತವಾದದ್ದು. ನಡೆಯುವವನ ಹರಡನ್ನೂ ಅದು ಕಾಯುತ್ತದೆ.

ಇನ್ನು ಉಪವಾಸಕ್ಕೇ ಸಂಬಂಧಿಸಿದ ಎರಡು ತೊಂದರೆಗಳು. ಇವು ನಮ್ಮ ಮನೆಗಳಲ್ಲಿ ಅಷ್ಟಾಗಿ ತಿಳಿದಿಲ್ಲವಾದ್ದರಿಂದ ಸ್ವಲ್ಪ ವಿಸ್ತರಿಸುವೆ. ಚತುರ್ವಿಧ ಆಹಾರವನ್ನು ತ್ಯಜಿಸಿ ನೀರನ್ನೂ ಬಿಟ್ಟಾಗ ದೇಹವು ತನ್ನ ಕೊಬ್ಬನ್ನೇ ಕರಗಿಸಿಕೊಳ್ಳುತ್ತದೆ. ಆಗ ರಕ್ತದಲ್ಲಿ ಯೂರಿಕ್ ಆಮ್ಲವು ಏರುತ್ತದೆ. ಆ ಪ್ರವೃತ್ತಿ ಇದ್ದವರಿಗೆ ರಾತ್ರೋರಾತ್ರಿ ಹೆಬ್ಬೆರಳ ಬುಡ ಕೆಂಪಾಗಿ ಬಾತು, ಹೊದಿಕೆ ತಗುಲಿದರೂ ತಾಳಲಾಗದ ನೋವು ಬರಬಹುದು. ಇದು ಉಳುಕಲ್ಲ, ವಾತರಕ್ತ. ಹಿಂದೊಮ್ಮೆ ಇದಾದವರು ಪರ್ವಕ್ಕೆ ಮುಂಚೆಯೇ ವೈದ್ಯರನ್ನು ಕಂಡು, ಏಕಾಶನದ ದಿನ ಸಾಕಷ್ಟು ನೀರು ಕುಡಿಯಬೇಕು.

ಎರಡನೆಯದು ಆಸನದ ತೊಂದರೆ. ಮೊಣಕಾಲಿನ ಹೊರಮಗ್ಗುಲಲ್ಲಿ, ತುಸು ಕೆಳಗೆ, ಎಲುಬಿನ ಗುಬ್ಬಿಯನ್ನು ಬಳಸಿ ಒಂದು ನರವು ಹಾಯುತ್ತದೆ. ಬಹುದಿನದ ಉಪವಾಸದಿಂದ ಮೈ ಇಳಿದವರಲ್ಲಿ ಅದನ್ನು ಕಾಯುವ ಕೊಬ್ಬಿನ ಪದರವೂ ತೆಳುವಾಗಿರುತ್ತದೆ. ಅಂಥವರು ಕಾಲು ಮಡಿಚಿ ದೀರ್ಘಕಾಲ ಸಾಮಾಯಿಕಕ್ಕೆ ಕುಳಿತು ಏಳುವಾಗ ಪಾದದ ಮುಂಭಾಗ ಎತ್ತಲಾಗದೆ ನೆಲಕ್ಕೆ ತಗುಲುವುದುಂಟು. ಸಾಮಾನ್ಯ ಜೋಮು ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ, ಇದು ಇಳಿಯದು. ಕೂಡಲೇ ವೈದ್ಯರಿಗೆ ತೋರಿಸಿ, ಗುಣವಾಗುವವರೆಗೆ ಕಾಲು ಮಡಿಚಬಾರದು. ಸಾಮಾಯಿಕವನ್ನು ಕಾಯೋತ್ಸರ್ಗದಲ್ಲಿ ನಿಂತು ಮಾಡಲು ಶಾಸ್ತ್ರದ ಅಡ್ಡಿಯಿಲ್ಲ. ತಪವು ಶಕ್ತ್ಯನುಸಾರವೆಂಬುದನ್ನು ಷೋಡಶಕಾರಣ ಭಾವನೆಗಳಲ್ಲಿಯೇ ಹೇಳಿದೆ.

ಇವೆಲ್ಲಕ್ಕಿಂತ ಭಯಂಕರವಾದದ್ದು ನೋವೇ ಇಲ್ಲದ ಪಾದ. ಬಹುಕಾಲದ ಮಧುಮೇಹದಲ್ಲಿ ಅಂಗಾಲಿನ ಸ್ಪರ್ಶಜ್ಞಾನ ನಶಿಸುತ್ತದೆ. ನನ್ನ ಬಂಧುಗಳೊಬ್ಬರು ಮಹಾವೀರ ಜಯಂತಿಯ ಪಾಲಕಿಯೊಡನೆ ಚೈತ್ರದ ಬಿಸಿಲಿನಲ್ಲಿ ಡಾಂಬರು ರಸ್ತೆಯ ಮೇಲೆ ಬರಿಗಾಲಿನಲ್ಲಿ ನಡೆದರು. ಬೊಬ್ಬೆ ಎದ್ದು ಒಡೆದದ್ದು ಅವರಿಗೆ ತಿಳಿಯಲಿಲ್ಲ. ಪಡಸಾಲೆಯ ನೆಲದ ಮೇಲೆ ತೇವದ ಹೆಜ್ಜೆಗಳನ್ನು ಕಂಡವಳು ಸೊಸೆ. ನೋವಿಲ್ಲವಲ್ಲ ಎಂದು ಮೂರು ವಾರ ಅರಿಸಿನ ಮೆತ್ತಿ ಕಾದರು. ಕೊನೆಗೆ ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಇಂಥವರು ಕಾಸಿದ ಇಟ್ಟಿಗೆಯ ಶಾಖವನ್ನು ಎಂದೂ ಕೊಡಿಸಿಕೊಳ್ಳಬಾರದು. ಚರ್ಮ ವರ್ಜ್ಯವಾದರೆ ಬಟ್ಟೆಯ ಅಥವಾ ರಬ್ಬರಿನ ಪಾದರಕ್ಷೆ ಇದೆ. ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿಯ ಸುಮಾರು 650 ಮೆಟ್ಟಿಲುಗಳನ್ನು ಪಾದರಕ್ಷೆ ಕಳಚಿಯೇ ಏರಬೇಕಾದ್ದರಿಂದ ಬಂಡೆ ಕಾಯುವ ಮುನ್ನ, ಬೆಳಗಿನಲ್ಲಿಯೇ, ದಪ್ಪ ಕಾಲುಚೀಲ ತೊಟ್ಟು ಹತ್ತಬೇಕು. ಡೋಲಿಯಲ್ಲಿ ಹೋದರೂ ದರ್ಶನಕ್ಕೆ ಕುಂದಿಲ್ಲ. ಗಾಯ ಎಷ್ಟೇ ಚಿಕ್ಕದಿರಲಿ, ಅಂದೇ ವೈದ್ಯರು. ಉಪವಾಸದ ದಿನಗಳಲ್ಲಿ ಮಾತ್ರೆಗಳನ್ನು ತಾವಾಗಿಯೇ ಬಿಡುವುದಾಗಲಿ, ಊಟ ಬಿಟ್ಟು ಮಾತ್ರೆ ನುಂಗುವುದಾಗಲಿ ಎರಡೂ ಅಪಾಯ.

ಆ ಹಿರಿಯರು ಈಗಲೂ ಅಷ್ಟಮಿ-ಚತುರ್ದಶಿಗಳನ್ನು ವೈದ್ಯರ ಸಲಹೆಯಂತೆ ಏಕಾಶನದಿಂದ ಆಚರಿಸುತ್ತಾರೆ. ಪ್ರತಿ ಸಂಜೆ ಸೊಸೆ ಅವರ ಪಾದಗಳನ್ನು ತೊಳೆದು, ಬೆರಳ ಸಂದುಗಳನ್ನು ಒರೆಸಿ, ಅಂಗಾಲನ್ನು ದೀಪದ ಬೆಳಕಿಗೆ ಹಿಡಿದು ನೋಡುತ್ತಾಳೆ. ಅವಳು ತವರಿಗೆ ಹೋದಾಗ ಅವರು ನೆಲದ ಮೇಲೆ ಕನ್ನಡಿಯಿಟ್ಟು ತಾವೇ ನೋಡಿಕೊಳ್ಳುತ್ತಾರೆ.