ಸಮುದ್ರಜಲದ ಕಿರುತೊಟ್ಟಿಯಲ್ಲಿ ಹಾವಸೆಯ ನಿವಾರಣೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳು ಸಮುದ್ರಕ್ಕೆ ದೂರವಾದ ಊರುಗಳು. ಆದರೂ ನಮ್ಮ ಮನೆಗಳಿಗೆ ಹಾಸಿದ ಶಹಾಬಾದ್ ಕಲ್ಲು ಪುರಾತನ ಸಮುದ್ರವೊಂದರ ತಳದಲ್ಲಿ ಪದರುಪದರಾಗಿ ಕೂಡಿದ ಸುಣ್ಣಕಲ್ಲೇ ಆಗಿದೆ. ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಹವಳದ ದಿಬ್ಬಗಳ ಮೀನುಗಳನ್ನು ಸಾಕುವ ಹವ್ಯಾಸವು ಈಗ ಒಳನಾಡಿಗೂ ಬಂದಿರುವದರಿಂದ, ಅಂಥ ತೊಟ್ಟಿಯನ್ನು ಕೆಡಿಸುವ ಹಾವಸೆಯ ವಿಷಯವಾಗಿ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ಕೆಲವು ಮಾತುಗಳನ್ನು ಬರೆಯುತ್ತೇವೆ.

ಹಾವಸೆಯು ರೋಗವಲ್ಲ, ರೋಗದ ಗುರುತು. ಬೆಳಕು, ನೈಟ್ರೇಟ್, ಫಾಸ್ಫೇಟ್ ಇವು ಮಿತಿಮೀರಿದಲ್ಲಿ ಅದು ಹಬ್ಬುವದು. ಮೀನುಗಳು ತಿನ್ನದೆ ಬಿಟ್ಟ ಆಹಾರವೂ ಅವುಗಳ ಮಲವೂ ಕೊಳೆತು ಅದಕ್ಕೆ ಗೊಬ್ಬರವಾಗುವವು. ನಮ್ಮ ಸೀಮೆಯಲ್ಲಿ ಇನ್ನೊಂದು ಕಾರಣವುಂಟು. ಬೇಸಿಗೆಯಲ್ಲಿ ಇಲ್ಲಿ ಉಷ್ಣವು 40 ಡಿಗ್ರಿಯನ್ನು ದಾಟುವದು. ಕಿರುತೊಟ್ಟಿಯ ನೀರು ಬೇಗನೆ ಇಂಗುವದು. ಆವಿಯಾಗಿ ಹೋಗುವದು ನೀರು ಮಾತ್ರ, ಲವಣಗಳೆಲ್ಲಾ ಉಳಿಯುವವು. ಆ ಕೊರತೆಯನ್ನು ಬಾವಿಯ ನೀರಿನಿಂದ ತುಂಬಿದರೆ, ಆ ನೀರಿನಲ್ಲಿರುವ ನೈಟ್ರೇಟ್, ಸಿಲಿಕ ಮೊದಲಾದವು ಪ್ರತಿಸಾರಿ ಸೇರುತ್ತಾ, ಹೋಗುವ ದಾರಿಯಿಲ್ಲದೆ ಕೂಡುತ್ತಾ ಬರುವವು.

ಆದದರಿಂದ ಮಾಡತಕ್ಕದ್ದೇನಂದರೆ:

1. ಇಂಗಿದ ನೀರಿಗೆ ಬದಲಾಗಿ ಶುದ್ಧೀಕರಣ ಯಂತ್ರದ ಸಿಹಿನೀರನ್ನೇ ಹಾಕಬೇಕು. ಉಪ್ಪಿನ ಪ್ರಮಾಣ ಸಾವಿರಕ್ಕೆ 35 ಭಾಗದಷ್ಟಿರಬೇಕು.

2. ಮೀನುಗಳು ಎರಡು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಆಹಾರ ಕೊಡಬೇಕು. ಅತಿಪ್ರೀತಿಯಿಂದ ಹೆಚ್ಚು ಹಾಕುವ ಮಕ್ಕಳನ್ನು ತಿದ್ದಬೇಕು.

3. ಬಿಸಿಲು ನೇರವಾಗಿ ಬೀಳಬಾರದು. ದೀಪವು ದಿನಕ್ಕೆ 6ರಿಂದ 8 ತಾಸು ಸಾಕು.

4. ಹಾವಸೆಯನ್ನು ಕೈಯಿಂದ ಕಿತ್ತು ಹೊರಗೆ ಹಾಕಬೇಕು. ನೀರಿನಲ್ಲೇ ಬಿಟ್ಟರೆ ಅದು ಕೊಳೆತು ಮತ್ತೆ ಗೊಬ್ಬರವಾಗುವದು. ಅನಂತರ ವಾರಕ್ಕೊಮ್ಮೆ ಹತ್ತನೆಯ ಒಂದು ಪಾಲು ನೀರನ್ನು ತೆಗೆದು, ಹೊಸದಾಗಿ ಕಲಸಿದ ಉಪ್ಪುನೀರನ್ನು ತುಂಬಬೇಕು.

5. ಹಾವಸೆ ಮೇಯುವ ಸಮುದ್ರದ ಬಸವನಹುಳುಗಳನ್ನು ಬಿಡಬಹುದು.

ಹೊಸ ತೊಟ್ಟಿಯಲ್ಲಿ ಕಾಣುವ ಕಂದು ಲೇಪಕ್ಕೆ ಅಂಜಬೇಕಾಗಿಲ್ಲ; ಸಾಮಾನ್ಯವಾಗಿ ಅದು ಕೆಲವು ವಾರಗಳಲ್ಲಿ ತಾನೇ ಅಡಗುವದು.

ಅವಸರಪಟ್ಟು ಮೈಲುತುತ್ತವನ್ನು ಮಾತ್ರ ಎಂದಿಗೂ ಹಾಕಬಾರದು. ಅದರ ತಾಮ್ರವು ಸೀಗಡಿಗಳನ್ನೂ ಬಸವನಹುಳುಗಳನ್ನೂ ಕೊಲ್ಲುವದು. ಹಣಜಿಯನ್ನು ಕೀಳಹೋಗಿ ಗೋದಿಯನ್ನೂ ಕಿತ್ತಂತಾಗುವದು. ಹಾವಸೆಯೆಲ್ಲವೂ ವೈರಿಯಲ್ಲವೆಂಬದನ್ನೂ ನೆನಪಿಡಬೇಕು. ದಿಬ್ಬಗಳನ್ನು ಕಟ್ಟುವ ಹವಳದ ಜೀವಿಯು ತನ್ನ ದೇಹದೊಳಗೆ ವಾಸಿಸುವ ಸೂಕ್ಷ್ಮ ಹಾವಸೆಯಿಂದಲೇ ಬಹುಪಾಲು ಆಹಾರವನ್ನು ಪಡೆಯುವದು. ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತಲೂ ಇಂಥ ಹವಳಗಳುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅವುಗಳಿಗೆ ರಕ್ಷಣೆ ಕೊಟ್ಟಿರುವದರಿಂದ ಅವನ್ನು ಕಿತ್ತು ತರುವದು ಅಪರಾಧ. ಬರಿಯ ಕಲ್ಲುಗಳನ್ನು ಜೋಡಿಸಿ, ಸಾಕಣೆಯಲ್ಲಿ ಮರಿಮಾಡಿಸಿದ ಮೀನುಗಳನ್ನು ಇಟ್ಟುಕೊಂಡರೆ ಸಾಕು.

ವಿಸ್ತಾರವಾದ ಸಮುದ್ರವು ಅನೇಕ ತಪ್ಪುಗಳನ್ನು ತಾಳಿಕೊಳ್ಳುವದು, ಕಿರುತೊಟ್ಟಿಯು ಹಾಗಲ್ಲ. ಅದರೊಳಗಿನ ಮೂಕಪ್ರಾಣಿಗೆ ಓಡಿಹೋಗಲು ಸ್ಥಳವಿಲ್ಲ, ನಮ್ಮ ಆರೈಕೆಯೇ ಗತಿ. ಮೇಲೆ ಹೇಳಿದ ಕ್ರಮವನ್ನು ಎರಡು ಮೂರು ತಿಂಗಳು ತಪ್ಪದೆ ನಡಿಸಿದರೆ ಹಾವಸೆಯು ಕಡಿಮೆಯಾಗುವದು. ಪ್ರತಿದಿನದ ಸ್ವಲ್ಪ ಕೆಲಸವನ್ನು ಬೇಸರಪಡದೆ ಮಾಡುವ ಅಭ್ಯಾಸವೂ ಮಕ್ಕಳಿಗೆ ದೊರೆಯುವದು.