ಮಷೀನು ಬೇಕು ಅನ್ನಿಸಿದರೆ ನಾನು ಸೋಮಾರಿಯಾ?

ಪ್ರಶ್ನೆ: ನಮ್ಮದು ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿ. ಮನೆಯಲ್ಲಿ ಎಂಟು ಜನ. ಹೊಗೆಸೊಪ್ಪು, ರಾಗಿ ಬೆಳೆಯುತ್ತೇವೆ. ಅಡುಗೆ ಪೂರ್ತಿ ನನ್ನದೇ. ಬಿಡುವಾದಾಗ ಬ್ಲೌಸ್ ಹೊಲಿದು ಒಂಬತ್ತು ಸಾವಿರ ಕೂಡಿಟ್ಟಿದ್ದೇನೆ. ಅದರಲ್ಲಿ ಫುಡ್ ಪ್ರೊಸೆಸರ್ ತರೋಣ ಅಂತ ಆಸೆ. ಹೇಳಿದ್ದಕ್ಕೆ ಅತ್ತೆ, "ನಾವು ಒರಳುಕಲ್ಲಲ್ಲೇ ಊರಿಗಾಗೋಷ್ಟು ರುಬ್ಬಿದ್ದೀವಿ ಕಣವ್ವಾ, ನಮ್ಮ ಕೈಯೇನು ಸವೆದು ಹೋಯ್ತಾ?" ಅಂದರು. ಯಜಮಾನರು "ನಿನ್ನಿಷ್ಟ" ಅಂತ ಎದ್ದು ಹೋದರು. ಆ ದುಡ್ಡು ಹಾಗೇ ಇದೆ. ಮುಟ್ಟಲು ಮನಸ್ಸಾಗುತ್ತಿಲ್ಲ. ಬಲಗೈ ಮಣಿಕಟ್ಟು ನೋಯುತ್ತದೆ. ನಾನು ಸೋಮಾರಿಯಾಗಿಬಿಟ್ಟೆನಾ?

ಉತ್ತರ: ನಿಮ್ಮ ಪತ್ರದಲ್ಲಿ ಮಷೀನಿನ ಬಗ್ಗೆ ಇರುವುದು ಒಂದೇ ಸಾಲು. ಉಳಿದದ್ದೆಲ್ಲ ಅತ್ತೆಯ ಮಾತು, ಯಜಮಾನರ ಮೌನ, ಮುಟ್ಟಲಾಗದ ದುಡ್ಡು. ಹಾಗಾಗಿ ಕೊನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ. ಇಲ್ಲ, ನೀವು ಸೋಮಾರಿಯಲ್ಲ. ಎಂಟು ಜನಕ್ಕೆ ಎರಡು ಹೊತ್ತು ಬೇಯಿಸಿ ಹಾಕಿ, ಉಳಿದ ಹೊತ್ತಲ್ಲಿ ಹೊಲಿಗೆ ಹಾಕುವವರಿಗೆ ಆ ಪದ ಅಂಟುವುದಿಲ್ಲ. ನಿಮಗೆ ಆಗಿರುವುದು ದಣಿವು. ದಣಿದೆ ಎಂದು ಹೇಳಿಕೊಳ್ಳಲು ಜಾಗವಿಲ್ಲದಾಗ ಅದು ತಪ್ಪು ಮಾಡಿದ ಹಾಗೆ ಕಾಡತೊಡಗುತ್ತದೆ. ಗಂಡನಿಗೆ ಪಂಪ್‌ಸೆಟ್ ಬೇಕಾದಾಗ, ಮಗನಿಗೆ ಬೈಕ್ ಬೇಕಾದಾಗ ಯಾರೂ "ನಾನು ಸೋಮಾರಿಯಾ" ಅಂತ ನನಗೆ ಬರೆದಿಲ್ಲ. ಅಡುಗೆಮನೆಯ ವಸ್ತುವಿನ ಮಾತು ಬಂದಾಗ ಮಾತ್ರ ಬರೆಯುತ್ತಾರೆ. ಪಿರಿಯಾಪಟ್ಟಣದಲ್ಲೋ ಎಚ್.ಡಿ. ಕೋಟೆಯಲ್ಲೋ ಇದನ್ನು ಓದುತ್ತಿರುವ ಎಷ್ಟೋ ಜನ ಈಗ ತಲೆಯಾಡಿಸುತ್ತಿರಬಹುದು.

ಅತ್ತೆಯ ಮಾತನ್ನು ಇನ್ನೊಂದು ಸಲ ಕೇಳಿಸಿಕೊಳ್ಳಿ. ನಿಮಗೆ ಅದು ಬೈಗುಳವಾಗಿ ಕೇಳಿಸಿತು. ನನಗೆ ಅದರೊಳಗೆ ಅವರದೇ ಒಂದು ನೋವು ಕಾಣಿಸುತ್ತದೆ. ಒಂದು ಮಂಡಿ ಮಡಚಿ ಕೂತು, ಒಂದು ಕೈಯಲ್ಲಿ ಗುಂಡುಕಲ್ಲು ತಿರುಗಿಸುತ್ತ, ಇನ್ನೊಂದು ಕೈಯಲ್ಲಿ ಹಿಟ್ಟು ಒಳಕ್ಕೆ ತಳ್ಳುತ್ತ ಅವರು ಕಳೆದ ವರ್ಷಗಳಲ್ಲಿ "ಸಾಕು, ಸ್ವಲ್ಪ ಎದ್ದೇಳು" ಅಂದವರು ಯಾರಾದರೂ ಇದ್ದರೇ? ಬಹುಶಃ ಇರಲಿಲ್ಲ. ಈಗ ಒಂದು ಡಬ್ಬಿ ಬಂದು ಆ ಕೆಲಸವನ್ನು ಎರಡು ನಿಮಿಷದಲ್ಲಿ ಮುಗಿಸಿದರೆ, ತಾನು ಪಟ್ಟ ಪಾಡಿಗೆ ಬೆಲೆಯೇ ಇಲ್ಲವಾಯಿತೇ ಎಂದು ಅನ್ನಿಸುವುದು ಸಹಜ. ಹಾಗಂತ ಅವರ ಕೈ ಸವೆದಿಲ್ಲ ಅನ್ನುವ ಕಾರಣಕ್ಕೆ ನಿಮ್ಮದು ಸವೆಯಬೇಕಾಗಿಲ್ಲ. ಎರಡೂ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದೆ ಓದಿ.

ಇನ್ನು ಮಷೀನು. ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಫುಡ್ ಪ್ರೊಸೆಸರ್ ಹುಟ್ಟಿದ್ದು ಫ್ರಾನ್ಸಿನ ಹೋಟೆಲ್ ಅಡುಗೆಮನೆಗಳಿಗೆ. ಪಿಯರ್ ವೆರ್ಡನ್ ಎಂಬಾತ ಮೊದಲು ಹೋಟೆಲುಗಳಿಗೆ, ಆಮೇಲೆ 1970ರ ದಶಕದ ಆರಂಭದಲ್ಲಿ ಮನೆಗಳಿಗೆ ಮಾಡಿಕೊಟ್ಟದ್ದು. ಹಾಗಾಗಿ ಅದರ ಜಾಣತನವೆಲ್ಲ ಹೆಚ್ಚುವುದರಲ್ಲಿ, ತುರಿಯುವುದರಲ್ಲಿ, ಹಿಟ್ಟು ಕಲಸುವುದರಲ್ಲಿ. ನಮ್ಮ ಮಿಕ್ಸಿಯ ಕಥೆ ಬೇರೆ. 1960ರ ದಶಕದಲ್ಲಿ ಮುಂಬೈಯ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಅವರ ಹೆಂಡತಿ ಮಾಧುರಿಯವರ ವಿದೇಶಿ ಮಿಕ್ಸಿ ನಮ್ಮ ರುಬ್ಬುವ ಕೆಲಸ ತಡೆಯಲಾರದೆ ಕೆಟ್ಟಿತು. ಅದಕ್ಕಾಗಿ ಮಾಥುರ್ ಗಟ್ಟಿ ಮೋಟರಿನ ಮಿಕ್ಸಿಯನ್ನೇ ತಯಾರಿಸಿದರು. ಅದೇ ಸುಮೀತ್. ಕಾಯಿ, ನೆನೆದ ಬೇಳೆ ನುಣ್ಣಗಾಗಬೇಕಾದರೆ ಈಗಲೂ ಮಿಕ್ಸಿ ಜಾರೇ ಬೇಕು. ಪ್ರೊಸೆಸರಿನ ಅಗಲ ಬೌಲಿನಲ್ಲಿ ಅದು ತರಿತರಿಯಾಗಿ ಗೋಡೆಗೆ ಅಂಟಿ ಕೂರುತ್ತದೆ.

ನಿಮ್ಮ ಮನೆಯಲ್ಲಿ ಏನು ನಡೆಯುತ್ತದೆ ನೋಡಿ. ಮುದ್ದೆಗೆ ಕೋಲೇ ಬೇಕು, ಅದನ್ನು ಯಾವ ಬ್ಲೇಡೂ ತಿರುವುವುದಿಲ್ಲ. ಮಸ್ಸೊಪ್ಪಿಗೆ, ಬಸ್ಸಾರಿಗೆ ಸೊಪ್ಪು ಬಿಡಿಸುವುದು ಕೈಯೇ. ಚಳಿಗಾಲದಲ್ಲಿ ಅವರೆಕಾಯಿ ಸುಲಿದು ಹಿತುಕುವುದಂತೂ ಮನೆಮಂದಿ ಕೂತು ಮಾಡುವ ಕೆಲಸ. ನಿಮ್ಮ ಹೊತ್ತು ತಿನ್ನುತ್ತಿರುವುದು ಇವೇ ಆದರೆ, ಒಂಬತ್ತು ಸಾವಿರ ಕೊಟ್ಟರೂ ಒಂದು ನಿಮಿಷ ಉಳಿಯುವುದಿಲ್ಲ. ಆದರೆ ರಾತ್ರಿ ಚಪಾತಿ ಇರುತ್ತದೆಯೇ? ಎಂಟು ಜನಕ್ಕೆ ಹಿಟ್ಟು ನಾದುವುದು, ಕ್ಯಾರೆಟ್ಟು ಕೋಸು ಹೆಚ್ಚುವುದು, ಕಾಯಿ ತುರಿಯುವುದು, ಇವು ಮಣಿಕಟ್ಟಿಗೆ ಬೀಳುವ ಕೆಲಸ. ಅಲ್ಲಿ ಪ್ರೊಸೆಸರ್ ನಿಜವಾಗಿಯೂ ಒದಗುತ್ತದೆ.

ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಇದನ್ನು ಮಾರುವವನನ್ನು ನೀವೂ ನೋಡಿರಬಹುದು. ಮೈಕು ಕಟ್ಟಿಕೊಂಡು ಸೌತೆಕಾಯಿ ತುರುಕುತ್ತಾನೆ, ಒಂದೇ ಸಮ ಬಿಲ್ಲೆಗಳು ಉದುರುತ್ತವೆ, ಸುತ್ತ ನಿಂತವರು "ಅಬ್ಬಾ" ಅನ್ನುತ್ತಾರೆ. ಆದರೆ ಬೌಲನ್ನು ಅವನು ತೊಳೆದು ತೋರಿಸುವುದಿಲ್ಲ. ಬೌಲು, ಮುಚ್ಚಳ, ತಳ್ಳುವ ಕಡ್ಡಿ, ಬ್ಲೇಡು, ತುರಿಯುವ ಬಿಲ್ಲೆ, ಸಂದಿಯಲ್ಲಿ ಸಿಕ್ಕಿದ ಹಿಟ್ಟು... ನಲ್ಲಿಯಲ್ಲಿ ನೀರು ಬರುವ ಹೊತ್ತೂ ನಿಮಗೆ ಗೊತ್ತು. ಅರ್ಧ ಕೆ.ಜಿ. ಬೀನ್ಸಾದರೆ ಈಳಿಗೆಮಣೆಯೇ ಬೇಗ. ನಮ್ಮ ಮನೆಯ ಅಟ್ಟದ ಮೇಲೂ ಇಂಥದೊಂದು ಇದೆ ಅಂತ ಒಪ್ಪಿಕೊಂಡುಬಿಡುತ್ತೇನೆ. ಕಾಯಿ ತುರಿಯುವ ಹಬ್ಬದ ದಿನ ಮಾತ್ರ ಅದು ಕೆಳಗಿಳಿಯುತ್ತದೆ.

ಹಾಗಾದರೆ ತರಬೇಕೋ ಬೇಡವೋ? ಒಂದು ವಾರ ತಡೆಯಿರಿ. ಕ್ಯಾಲೆಂಡರಿನ ಹಿಂದಿನ ಹಾಳೆಯ ಮೇಲೆ ದಿನಾ ರಾತ್ರಿ ಬರೆಯಿರಿ: ಇವತ್ತು ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಯಿತು, ಯಾವಾಗ ಕೈ ನೋಯಿತು. ಏಳು ದಿನದಲ್ಲಿ ನಾಲ್ಕು ದಿನವಾದರೂ ನಾದುವುದು, ಹೆಚ್ಚುವುದು, ತುರಿಯುವುದು ಬಂದರೆ ಧೈರ್ಯವಾಗಿ ತನ್ನಿ. ಬಾರದಿದ್ದರೆ, ಮನೆಯಲ್ಲಿ ಹಳೆಯ ಮಿಕ್ಸಿ ಇದ್ದರೆ ಅದಕ್ಕೆ ಹೊಸ ಜಾರ್ ಹಾಕಿಸಿ, ಬ್ಲೇಡು ಚೂಪು ಮಾಡಿಸಿ, ಉಳಿದ ದುಡ್ಡು ನಿಮ್ಮ ಹೆಸರಲ್ಲೇ ಇರಲಿ. ಮಿಕ್ಸಿಯೇ ಸಾಯುವ ಸ್ಥಿತಿಯಲ್ಲಿದ್ದರೆ ಎರಡೂ ಕೆಲಸದ ಜಾರುಗಳು ಒಂದೇ ಮೋಟರಿಗೆ ಕೂರುವ ಮಾದರಿ ಕೇಳಿ ನೋಡಿ. ಕೊಳ್ಳುವಾಗ ಒಮ್ಮೆಗೆ ಎಷ್ಟು ಹಿಟ್ಟು ಹಿಡಿಯುತ್ತದೆ, ರಿಪೇರಿ ಹುಣಸೂರಲ್ಲೇ ಆಗುತ್ತದೋ ಮೈಸೂರಿಗೇ ಹೋಗಬೇಕೋ ಅಂತ ಕೇಳಿ. ಬಿಲ್ಲು, ವಾರಂಟಿ ಕಾರ್ಡು ಜೋಪಾನ. ಮೋಸವಾಯಿತು ಅನ್ನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಕರೆಂಟಿನ ಭಯ ಬೇಡ. 750 ವ್ಯಾಟಿನ ಮಷೀನು ದಿನಕ್ಕೆ 20 ನಿಮಿಷ ಓಡಿದರೂ ತಿಂಗಳಿಗೆ ಏಳೂವರೆ ಯೂನಿಟ್ಟು. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ಎಷ್ಟು ಯೂನಿಟ್ ನಿಗದಿಯಾಗಿದೆ ಎಂದು ಸೆಸ್ಕ್ ಬಿಲ್ಲಿನಲ್ಲಿ ನೋಡಿಕೊಂಡರಾಯಿತು.

2023ರ ಆಗಸ್ಟ್ 30ರಂದು ಮೈಸೂರಿನಲ್ಲೇ ಗೃಹಲಕ್ಷ್ಮಿ ಶುರುವಾದ ಮೇಲೆ ತಿಂಗಳ ಎರಡು ಸಾವಿರ ಕೂಡಿಟ್ಟು ಫ್ರಿಜ್ಜು, ಮಿಕ್ಸಿ ತಂದವರ ಸುದ್ದಿ ನೀವೂ ಓದಿರುತ್ತೀರಿ. ಆ ಹಣ ರೇಷನ್ ಕಾರ್ಡಿನ ಯಜಮಾನಿಗೆ, ಅಂದರೆ ಎಷ್ಟೋ ಮನೆಗಳಲ್ಲಿ ಅತ್ತೆಗೆ. ಸೊಸೆ ತಾನಾಗಿ ದುಡಿದು ಕೂಡಿಟ್ಟದ್ದು ಒಂಥರಾ ಅನಾಥ ದುಡ್ಡಾಗಿಬಿಡುತ್ತದೆ, ಖರ್ಚು ಮಾಡಲು ಎಲ್ಲರ ಅಪ್ಪಣೆ ಬೇಕು ಅನ್ನಿಸುತ್ತದೆ. ಬೇಡ. ಕೇಳಿ ಮಾಡುವುದು ಬೇರೆ, ಹೇಳಿ ಮಾಡುವುದು ಬೇರೆ. ನೀವು ಹೇಳಿ ಮಾಡಿ.

ಅತ್ತೆಯ ಹತ್ತಿರ ಮಾತಾಡಲು ಒಂದು ನೆಪ ಕೊಡುತ್ತೇನೆ. ಉಪ್ಸಾರಿನ ಖಾರ ಮಿಕ್ಸಿಯಲ್ಲಿ ಮಾಡಿದರೆ ಮೆಣಸಿನಕಾಯಿ, ಬೆಳ್ಳುಳ್ಳಿ ಕೊಚ್ಚಿದ ಹಾಗಾಗುತ್ತದೆ, ಕಲ್ಲಲ್ಲಿ ಅರೆದರೆ ಎಣ್ಣೆ ಬಿಡುತ್ತದೆ. ಇದು ನಿಜ, ಮುಖಸ್ತುತಿಯಲ್ಲ. "ಖಾರ ಮಾತ್ರ ಒರಳಲ್ಲೇ ಇರಲಿ ಅತ್ತೆ, ಅದರ ಹದ ನನಗೆ ಬರಲ್ಲ, ಮಿಕ್ಕಿದ್ದಕ್ಕೆ ನನ್ನ ಕೈ ನೋಯ್ತದೆ" ಅಂತ ಊಟವಾದ ಮೇಲೆ, ಅವರು ಎಲೆ ಅಡಿಕೆ ಹಾಕಿಕೊಂಡು ಕೂತಾಗ ಹೇಳಿ. ಒಪ್ಪುತ್ತಾರೆಂದು ಖಾತ್ರಿ ಕೊಡಲಾರೆ. ಗೊಣಗಿದರೂ ಪರವಾಗಿಲ್ಲ.

ಯಜಮಾನರ "ನಿನ್ನಿಷ್ಟ" ನನಗೆ ಅಷ್ಟು ಹಗುರಾಗಿ ಕಾಣಲಿಲ್ಲ. ಅವರು ಕೆಟ್ಟವರೆಂದಲ್ಲ. ಹೊಗೆಸೊಪ್ಪು ಬೇಯಿಸುವ ತಿಂಗಳಲ್ಲಿ ರಾತ್ರಿಯೆಲ್ಲ ಬ್ಯಾರನ್ ಹತ್ತಿರ ಬೆಂಕಿ ಕಾಯುವವರ ನಿದ್ದೆಗೇಡು ನನಗೂ ಗೊತ್ತು. ಆದರೆ ಆ ಮಾತು ಅತ್ತೆಯ ಎದುರು ನಿಮ್ಮನ್ನು ಒಂಟಿಯಾಗಿ ನಿಲ್ಲಿಸಿತು. ಅವರ ಹತ್ತಿರ ಮಷೀನಿಗೆ ಅನುಮತಿ ಕೇಳಬೇಡಿ, ಕೆಲಸ ಕೇಳಿ: ಸುಗ್ಗಿ ಇಲ್ಲದ ದಿನ ಬೆಳ್ಳುಳ್ಳಿ ಸುಲಿಯುವುದು, ಮಕ್ಕಳ ತಟ್ಟೆ ತೊಳೆಸುವುದು. ಎಂಟು ಜನರ ಕೆಲಸ ಎರಡು ಕೈಗೆ ಬಿದ್ದಿರುವವರೆಗೆ ಎಂಥ ಮಷೀನು ತಂದರೂ ಅದನ್ನು ತೊಳೆಯುವವರು ನೀವೇ.

ಮಣಿಕಟ್ಟಿನ ನೋವನ್ನು ಸಣ್ಣದು ಮಾಡಬೇಡಿ. ರಾತ್ರಿ ಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ, ಸೂಜಿ ಜಾರುತ್ತಿದ್ದರೆ ಹುಣಸೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಹೊಲಿಗೆಯ ಕೆಲಸವನ್ನೂ ಮರೆಯದೆ ಹೇಳಿ. ಮನಸ್ಸು ಕುಗ್ಗಿದಂತೆಯೇ ಇದ್ದು, ನಿದ್ದೆ, ಊಟ ಸೇರದೆ ವಾರಗಟ್ಟಲೆ ಕಳೆದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ವಾರವಾದ ಮೇಲೆ ಆ ಕ್ಯಾಲೆಂಡರ್ ಹಾಳೆಯನ್ನು ಮೊದಲು ಯಜಮಾನರಿಗೆ ತೋರಿಸಿ. ಅಂಗಡಿಗೆ ಆಮೇಲೆ ಹೋದರಾಯಿತು.