ಹಳೇ ಟ್ರೇಲರ್ ಕೊಳ್ಳುವವರಿಗೆ

ದ್ರಾಕ್ಷಿ ಕಟಾವು ಶುರುವಾಯಿತೆಂದರೆ ಬಿಜ್ಜರಗಿ, ತಿಕೋಟಾ ಕಡೆ ಬಾಡಿಗೆ ಟ್ರೇಲರ್‌ಗೆ ಜಗ್ಗಾಟ. ಆ ಗಡಿಬಿಡಿಯಲ್ಲೇ ಹಳೆಯದೊಂದನ್ನು ವ್ಯಾಪಾರ ಮಾಡಿಬಿಡುತ್ತಾರೆ. ಸುಗ್ಗಿ ಮುಗಿಯಲಿ, ಪುರುಸೊತ್ತಿನಲ್ಲಿ ನೋಡಿ.

ಹಂತ 1: ಹೇರು
ಏನು ಹೇರುತ್ತೀರಿ, ಎಷ್ಟು ಹೇರುತ್ತೀರಿ ಎಂದು ಮೊದಲು ಬರೆದಿಡಿ. ಹಸಿ ದ್ರಾಕ್ಷಿಯ ಕ್ರೇಟಿಗೆ 20 ಕೆ.ಜಿ. ಹಿಡಿದರೂ 150 ಕ್ರೇಟಿಗೆ 3 ಟನ್. ತೋಟದಿಂದ ಒಣಗಿಸುವ ಶೆಡ್ಡಿಗೆ ಸಾಗಿಸಲು ಎರಡು ಗಾಲಿಯದು ಸಾಕು. ಕಬ್ಬು ಹೇರಿ ಕೃಷ್ಣಾನಗರದ ನಂದಿ ಕಾರ್ಖಾನೆಗೆ ಹೋಗುವವರ ಲೆಕ್ಕವೇ ಬೇರೆ.

ಹಂತ 2: ಇಂಜಿನ್
ಎಲ್ಲರೂ ಕೇಳುವುದು ಎಷ್ಟು ಎಚ್.ಪಿ. ಎಂದು. ನಾನು ಮೊದಲು ಬ್ರೇಕ್ ಕೇಳುತ್ತೇನೆ. ನಮ್ಮ ಕಡೆಯ ಬಹಳಷ್ಟು ಟ್ರೇಲರ್‌ಗಳಿಗೆ ಸ್ವಂತ ಬ್ರೇಕ್ ಇಲ್ಲ. ಇಳಿಜಾರಿನಲ್ಲಿ ಅಷ್ಟೂ ಭಾರ ಹಿಂದಿನಿಂದ ದಬ್ಬುವಾಗ ತಡೆಯಬೇಕಾದದ್ದು ಟ್ರ್ಯಾಕ್ಟರೇ. 35 ಎಚ್.ಪಿ.ಯ ಹಗುರ ಇಂಜಿನ್ ಸಪಾಟು ರಸ್ತೆಯಲ್ಲಿ ಎಳೆದೀತು, ಇಳಿಜಾರಿನಲ್ಲಿ ಹಿಡಿಯಲಾರದು. ಕಂಪನಿಯ ಪುಸ್ತಕದಲ್ಲಿ ಎಳೆಯುವ ತೂಕದ ಮಿತಿ ಇರುತ್ತದೆ, ಅದನ್ನು ದಾಟಬೇಡಿ. ಟ್ರೇಲರನ್ನು ಎತ್ತರದ ಜಾಗಕ್ಕೆ ಸಿಕ್ಕಿಸಿದರೆ ಏರಿನಲ್ಲಿ ಮುಂಗಾಲಿ ಏಳುತ್ತದೆ, ಹಿಚ್ ಕೆಳಗಿರಲಿ.

ಹಂತ 3: ತಪಾಸಣೆ
ಹಗಲಿನಲ್ಲಿ, ಖಾಲಿ ಇದ್ದಾಗ ನೋಡಿ. ಹೊಸ ಬಣ್ಣ ಕಂಡರೆ ಅನುಮಾನ ಇರಲಿ. ಮುಂದಿನ ದಂಡ ಚಾಸಿಗೆ ಕೂಡುವಲ್ಲಿ ಬಣ್ಣ ಕೆರೆದು ನೋಡಿ: ಬಿರುಕಿನ ಮೇಲೆ ವೆಲ್ಡಿಂಗ್ ಹಚ್ಚಿದ್ದರೆ ಬಿಟ್ಟುಬಿಡಿ, ತುಂಬಿದ ಗಾಡಿ ಕಳಚುವುದು ಅಲ್ಲಿಯೇ. ಪಿನ್ನಿನ ತೂತು ಮೊಟ್ಟೆಯಂತೆ ಉದ್ದಕ್ಕೆ ಸವೆದಿದೆಯೇ? ಜ್ಯಾಕ್ ಹಚ್ಚಿ ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಕಟಕಟ ಎಂದರೆ ಬೇರಿಂಗ್ ಹೋಗಿದೆ. ಟೈರಿನ ಬದಿಯಲ್ಲಿ 2319 ಎಂದಿದ್ದರೆ ಅದು 2019ರ 23ನೇ ವಾರದ್ದು. ಹೈಡ್ರಾಲಿಕ್ ಇದ್ದರೆ ಡಬ್ಬಿ ಎತ್ತಿಸಿ, ಇಂಜಿನ್ ಬಂದ್ ಮಾಡಿಸಿ, ದೂರ ನಿಂತು ಹತ್ತು ನಿಮಿಷ ಕಾಯಿರಿ. ತಾನಾಗಿ ಇಳಿಯತೊಡಗಿದರೆ ಸೀಲಿನ ಖರ್ಚು ಹಿಡಿದೇ ರೇಟು ಹೇಳಿ.

ಹಂತ 4: ಕಾಟಾ
ಖಾಲಿ ಟ್ರೇಲರ್ ತೂಗಿಸಿ. ಆರ್.ಸಿ.ಯಲ್ಲಿ ಬರೆದ ಖಾಲಿ ತೂಕಕ್ಕಿಂತ ಬಹಳ ಹೆಚ್ಚು ಬಂದರೆ ಯಾರೋ ದಪ್ಪ ಪತ್ರಾ ಹೊಡೆಸಿದ್ದಾರೆ. ಅಷ್ಟು ತೂಕದ ಹೇರು ನಿಮಗೆ ಕಡಿಮೆಯಾಯಿತು.

ಹಂತ 5: ಕಾಗದ
ಟ್ರೇಲರ್‌ಗೆ ಅದರದೇ ನೋಂದಣಿ ಸಂಖ್ಯೆ ಇರಬೇಕು, ಇಂಜಿನ್ನಿನ ಆರ್.ಸಿ. ತೋರಿಸಿದರೆ ಸಾಲದು. ಚಾಸಿ ನಂಬರ್ ತಾಳೆ ನೋಡಿ. ಹೆಸರು ಬದಲಾವಣೆಗೆ ನಮೂನೆ 29 ಮತ್ತು 30. ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರದ ಜೊತೆ ನಮೂನೆ 35 ಬೇಕು. ಮಹಾರಾಷ್ಟ್ರದ ಜತ್ತ ಕಡೆಯಿಂದ ತರುವುದಾದರೆ ಅಲ್ಲಿನ ಆರ್.ಟಿ.ಒ.ದ ನಿರಾಕ್ಷೇಪಣಾ ಪತ್ರ ಕೈಗೆ ಬಂದ ಮೇಲೆಯೇ ಪೂರ್ತಿ ಹಣ ಕೊಡಿ. ಇನ್ಶೂರೆನ್ಸ್‌ನಲ್ಲಿ ಟ್ರೇಲರ್ ನಂಬರನ್ನೂ ಸೇರಿಸಿ.

ಹಂತ 6: ಮೊದಲ ಹೇರು
ಅರ್ಧ ತುಂಬಿ ಹೊರಡಿ. ಡಾಂಬರು ರಸ್ತೆಗೆ ಬರುವ ಮೊದಲು ಎರಡೂ ಬ್ರೇಕ್ ಪೆಡಲ್ ಕೂಡಿಸಿ ಲಾಕ್ ಮಾಡಿ, ಇಲ್ಲವಾದರೆ ಗಾಡಿ ಒಂದೇ ಕಡೆ ಎಳೆದು ಮಗುಚುತ್ತದೆ. ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡ, ಸಣ್ಣ ಗೇರ್ ಇರಲಿ. ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸಿ; ಕತ್ತಲಲ್ಲಿ ನಿಂತ ಟ್ರೇಲರ್‌ಗೆ ಬೈಕ್ ಗುದ್ದಿ ಜೀವ ಹೋಗುತ್ತವೆ. ಗುಡ್ಡಾಪುರದ ದಾನಮ್ಮನ ಜಾತ್ರೆಗೆಂದು ಮನೆಮಂದಿಯನ್ನೆಲ್ಲ ಡಬ್ಬಿಯಲ್ಲಿ ಕೂರಿಸಿಕೊಂಡು ಹೋಗಲೇಬೇಡಿ, ಅದು ಸರಕಿನ ಗಾಡಿ. ಮನೆ ಮುಟ್ಟಿದ ಮೇಲೆ ಗಾಲಿಯ ಹಬ್ ಹತ್ತಿರ ಕೈ ಹಿಡಿದು ನೋಡಿ. ಒಂದೇ ಗಾಲಿ ಬಿಸಿ ಇದ್ದರೆ ಅದರ ಬೇರಿಂಗ್ ಬಿಚ್ಚಿಸಿ, ಗ್ರೀಸ್ ತುಂಬಿಸಿ, ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ.